ಒಂದು ದಳಕ್ಕೆ ಎಷ್ಟು ಮಂದಿ

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಮದುವೆಯಾದ ವಾರದಲ್ಲೇ ಇದು ಗೊತ್ತಾಯಿತು ಎಂದು ನಮ್ಮವರು ಈಗಲೂ ಎಲ್ಲರ ಮುಂದೆ ಹೇಳುತ್ತಾರೆ. ಆದರೆ ನಾನು ಅವರ ಜೊತೆ ಎರಡು ದಿನ ಪೂರ್ತಿ ಮಾತು ಬಿಟ್ಟದ್ದು ಒಂದೇ ಒಂದು ಸಲ. ಅದಕ್ಕೆ ಕಾರಣ ಅತ್ತೆಯಲ್ಲ, ನಾದಿನಿಯಲ್ಲ, ರೋಮನ್ ಸೈನ್ಯ.

ಅಲ್ ವುಕೈರ್‌ನ ನಮ್ಮ ಫ್ಲ್ಯಾಟಿನ ಊಟದ ಟೇಬಲ್ಲೇ ನನ್ನ ಓದಿನ ಟೇಬಲ್ಲು. ಊರ ಕಡೆಯ ಯೂನಿವರ್ಸಿಟಿಯಲ್ಲಿ ಪಿಎಚ್‌.ಡಿ.ಗೆ ಹೆಸರು ಹಚ್ಚಿದ್ದೆ. ವಿಷಯ, ಕೊನೆಗಾಲದ ರೋಮನ್ ಸೈನ್ಯದ ದಳಗಳ ಗಾತ್ರ ಮತ್ತು ರಚನೆ. ಗದಗಿನ ಕಡೆಯವಳು, ಇರುವುದು ಕತಾರಿನಲ್ಲಿ, ರೋಮಿನ ಉಸಾಬರಿ ನಿನಗೇಕೆ ಎಂದು ಕೇಳದವರಿಲ್ಲ. ಎಂ.ಎ. ಓದುವಾಗ ತಲೆಯೊಳಗೆ ಹೊಕ್ಕ ಒಂದು ಪ್ರಶ್ನೆ ಹೊರಗೆ ಹೋಗಲೇ ಇಲ್ಲ, ಅಷ್ಟೇ. ಸಾಮ್ರಾಜ್ಯ ಗಟ್ಟಿಯಾಗಿದ್ದಾಗ ಒಂದು ಲೀಜನ್ ಎಂದರೆ ಐದು ಸಾವಿರದ ಆಚೀಚೆ ಮಂದಿ. ನಾಲ್ಕನೆಯ ಶತಮಾನದ ಹೊತ್ತಿಗೆ ಅದು ಸಾವಿರಕ್ಕೆ ಇಳಿದಿತ್ತು ಎನ್ನುತ್ತಾರೆ, ಅದಕ್ಕೂ ಕಡಿಮೆ ಎನ್ನುವವರೂ ಇದ್ದಾರೆ. ಹೆಸರು ಅದೇ, ಬಾವುಟ ಅದೇ, ಮಂದಿ ಮಾತ್ರ ಎಲ್ಲಿ ಹೋದರೋ ಏನೋ.

ಎಷ್ಟು ಮಂದಿ ಇದ್ದರು ಎಂದು ನೇರವಾಗಿ ಹೇಳುವ ದಾಖಲೆ ಸಿಗುವುದು ಅಪರೂಪ. ಸಿಗುವುದು ಊಟದ ಲೆಕ್ಕ. ಈಜಿಪ್ಟಿನ ಮರಳಿನಲ್ಲಿ ಉಳಿದುಕೊಂಡ ಪಪೈರಸ್ ಹಾಳೆಗಳಲ್ಲಿ, ಇಂಥ ದಳಕ್ಕೆ ಇಷ್ಟು ರೊಟ್ಟಿ, ಇಷ್ಟು ಮಾಂಸ, ಕುದುರೆಗಳಿಗೆ ಇಷ್ಟು ಜವೆಗೋಧಿ ಎಂದು ಬರೆದಿದೆ. ಒಟ್ಟು ರೊಟ್ಟಿಯನ್ನು ಒಬ್ಬನ ಪಾಲಿನಿಂದ ಭಾಗಿಸಿದರೆ ತಲೆ ಎಷ್ಟು ಎಂದು ಬರುತ್ತದೆ. ನನ್ನ ಮೂರನೆಯ ಅಧ್ಯಾಯ ಈ ಭಾಗಾಕಾರವೇ. ನನಗೂ ಒಂದು ಸಂಖ್ಯೆ ಬಂದಿತ್ತು, ಮೂರಂಕಿಯದು. ಅದನ್ನು ಇಲ್ಲಿ ಬರೆಯುವುದಿಲ್ಲ, ನಾಚಿಕೆಯಾಗುತ್ತದೆ. ಆದರೆ ಆಗ ಅದು ನನ್ನ ಆರು ವರ್ಷದ ದುಡಿಮೆ. ಎರಡು ಸಲ ಅವಧಿ ಮುಂದೆ ಹಾಕಿಸಿಕೊಂಡಾಗಿತ್ತು. ಡಿಸೆಂಬರ್ ಒಳಗೆ ಪ್ರಬಂಧ ಕೊಡದಿದ್ದರೆ ಹೆಸರು ರದ್ದು ಎಂದು ಯೂನಿವರ್ಸಿಟಿಯಿಂದ ಕಾಗದ ಬಂದಿತ್ತು.

ನಮ್ಮವರು ಡಿಪ್ಲೊಮಾ ಓದಿದವರು. ಸನಾಯಾದಲ್ಲಿ, ಅಂದರೆ ಇಲ್ಲಿಯ ಇಂಡಸ್ಟ್ರಿಯಲ್ ಏರಿಯಾದಲ್ಲಿ, ಒಂದು ಕಂಪನಿಯ ಲೇಬರ್ ಕ್ಯಾಂಪಿನ ಮೆಸ್ ಅವರ ಜವಾಬ್ದಾರಿ. ಪೈಪ್ ಫಿಟ್ಟರ್‌ಗಳು, ವೆಲ್ಡರ್‌ಗಳು, ಅಟ್ಟಣಿಗೆ ಕಟ್ಟುವವರು, ಎಲ್ಲರ ಹೊಟ್ಟೆ ಇವರ ಕೈಯಲ್ಲಿ. ಒಂದು ಮಂಗಳವಾರ ಸಂಜೆ ಚಪಾತಿ ತಿನ್ನುತ್ತ, ಪಕ್ಕದಲ್ಲಿದ್ದ ನನ್ನ ಅಧ್ಯಾಯದ ಹಾಳೆ ಎಡಗೈಯಲ್ಲಿ ಎತ್ತಿಕೊಂಡು ಓದಿದರು. ಓದಿ, "ಈ ಲೆಕ್ಕಾ ಹಾಕಿದವರು ಒಂದಿನಾನೂ ಮೆಸ್ ನಡಸಿಲ್ಲ ಬಿಡು. ರೊಟ್ಟಿ ಎಣಿಸಿ ಮಂದಿ ಹೇಳಾಕ ಬರಂಗಿಲ್ಲ," ಎಂದರು.

ನನಗೆ ಉರಿದುಹೋಯಿತು. ರೋಮಿನ ಇತಿಹಾಸಕ್ಕೂ ನಿಮ್ಮ ಸಾಂಬಾರಿಗೂ ಏನು ಸಂಬಂಧ ಎಂದುಬಿಟ್ಟೆ. ಅನ್ನಬಾರದಿತ್ತು. ಅವರು ನಕ್ಕು ಇನ್ನೊಂದು ಚಪಾತಿ ಹಾಕಿಸಿಕೊಂಡರು, ಆ ನಗೆಗೆ ಇನ್ನಷ್ಟು ಸಿಟ್ಟು ಬಂತು. ಬುಧವಾರ, ಗುರುವಾರ ಮನೆಯಲ್ಲಿ ಮಾತಿಲ್ಲ. ಉಪ್ಪಿನಕಾಯಿ ಎಲ್ಲಿದೆ ಎಂದು ಅಡುಗೆಮನೆಯಿಂದಲೇ ಮೊಬೈಲಿಗೆ ಮೆಸೇಜ್ ಹಾಕಿದರು ಪುಣ್ಯಾತ್ಮ. ನಾನೂ ಮೆಸೇಜಿನಲ್ಲೇ ಉತ್ತರ ಕೊಟ್ಟೆ.

ಶುಕ್ರವಾರ ಬೆಳಿಗ್ಗೆ ಕಾರಿನ ಕೀಲಿ ಹಿಡಿದು ಬಂದು, ಯಲ್ಲಾ, ನಡಿ, ಚಪ್ಪಲಿ ಹಾಕ್ಕೋ ಎಂದರು. ಮೆಸ್ಸಿಗೆ ಕರೆದೊಯ್ದು, ಬಡಿಸುವ ಕಟ್ಟೆಯ ಹಿಂದೆ ಒಂದು ಸ್ಟೂಲ್ ಹಾಕಿ ಕೂಡಿಸಿದರು. ಕೈಗೆ ಕ್ಯಾಂಪಿನ ಹೆಸರಿನ ಪಟ್ಟಿ ಕೊಟ್ಟು, ಉಣ್ಣಲು ಬಂದವರನ್ನೂ ಹೋದ ಊಟವನ್ನೂ ಬೇರೆ ಬೇರೆ ಎಣಿಸು ಎಂದರು. ಗೀಟು ಹಾಕುತ್ತ ಕುಳಿತೆ. "ಉಂಡ ಮನಿ ಜಂತಿ ಎಣಸಬಾರದು ಅಂತಾರ, ನೀ ಉಣ್ಣೋ ಮಂದಿನ್ನ ಎಣಸಾಕತ್ತಿ," ಎಂದು ನಡುವೆ ಬಂದು ಛೇಡಿಸಿ ಹೋದರು.

ಊಟ ಮುಗಿಯುವ ಹೊತ್ತಿಗೆ ನನ್ನ ಲೆಕ್ಕ ಹರಿದ ಚೀಲವಾಗಿತ್ತು. ಫೋರ್‌ಮನ್ ಒಬ್ಬ ಎರಡು ಪಾಲು ಒಯ್ದ. ಜ್ವರದಿಂದ ಮಲಗಿದವನ ಊಟ ಅವನ ರೂಮಿನವನ ಕೈಯಲ್ಲಿ ಹೋಯಿತು. ಸೈಟಿನಲ್ಲಿ ಉಳಿದ ಕ್ರೇನ್ ಆಪರೇಟರನಿಗೆ ಡಬ್ಬಿ ಕಟ್ಟಿದರು. ಕೆಲವರು ಬರಲೇ ಇಲ್ಲ. ಪಟ್ಟಿಯಲ್ಲಿದ್ದ ಹೆಸರು ಒಂದಷ್ಟು, ಬಂದ ಮುಖ ಅದಕ್ಕಿಂತ ಕಡಿಮೆ, ಹೋದ ಊಟ ಎರಡಕ್ಕೂ ತಾಳೆಯಾಗಲಿಲ್ಲ.

ಎಲ್ಲ ಮುಗಿದ ಮೇಲೆ ಹಿಂಬಾಗಿಲಿನಿಂದ ಏಳು ಮಂದಿ ಬಂದರು. ಅವರು ಈ ಕಂಪನಿಯವರಲ್ಲ. ಪಕ್ಕದ ಕ್ಯಾಂಪಿನ ಕಂಪನಿ ಮುಚ್ಚಿ ಅಲ್ಲಿಯ ಮೆಸ್ ನಿಂತಿತ್ತು, ಬೇರೆ ಕೆಲಸ ಸಿಗುವವರೆಗೆ ಅವರಿಗೆ ಊಟಕ್ಕೆ ಗತಿಯಿರಲಿಲ್ಲ. ಕೆಲಸ ಖಲಾಸ್ ಎಂದು ಊರಿಗೆ ಹೋದ ಕೆಲವರ ಹೆಸರನ್ನು ನಮ್ಮವರು ಮೆಸ್ ಪಟ್ಟಿಯಿಂದ ತೆಗೆಯದೆ, ಆ ಹೆಸರಿನ ಊಟವನ್ನು ಇವರಿಗೆ ಬಡಿಸುತ್ತಿದ್ದರು.

ನನ್ನ ಅಧ್ಯಾಯದಲ್ಲಿ ಒಂದು ವಾಕ್ಯವಿತ್ತು. ರೋಮನ್ ಅಧಿಕಾರಿಗಳು ಸತ್ತವರ, ಓಡಿಹೋದವರ ಹೆಸರನ್ನು ಪಟ್ಟಿಯಲ್ಲೇ ಇಟ್ಟುಕೊಂಡು ಪಡಿತರ ಎತ್ತುತ್ತಿದ್ದರು, ಸೈನ್ಯ ಕೊಳೆತದ್ದಕ್ಕೆ ಇದೇ ಸಾಕ್ಷಿ ಎಂದು ಬಹಳ ಜೋರಾಗಿ ಬರೆದಿದ್ದೆ. ಇಲ್ಲಿ ನನ್ನ ಗಂಡ ಸೌಟು ಹಿಡಿದು ಅದನ್ನೇ ಮಾಡುತ್ತಿದ್ದರು.

ಇದು ತಪ್ಪಲ್ಲವೇ ಎಂದು ಮೆಲ್ಲಗೆ ಕೇಳಿದೆ. ಎರಡು ದಿನದ ನಂತರ ನನ್ನ ಮೊದಲ ಮಾತು ಅದು.

"ತಪ್ಪ ಐತಿ," ಎಂದರು. "ಅನ್ನ ಇತ್ತು, ಅವರು ಹಸದಿದ್ರು. ನಡುವ ಒಂದು ಹೆಸರು ಬೇಕಿತ್ತು."

ಅವರ ಮೇಲೆ ಆ ಹೊತ್ತು ಬಂದಷ್ಟು ಪ್ರೀತಿ ಮದುವೆಯ ದಿನವೂ ಬಂದಿರಲಿಲ್ಲ. ಆದರೆ ನನ್ನ ಮೂರನೆಯ ಅಧ್ಯಾಯ ಹೋಗಿತ್ತು, ಡಿಸೆಂಬರಿಗೆ ಐದು ವಾರ ಉಳಿದಿತ್ತು.

ಆ ಐದು ವಾರ ಕುಳಿತು ಮತ್ತೆ ಬರೆದೆ. ಅಧಿಕಾರಿಗಳಿಗೆ ಎರಡರಿಂದ ಐದು ಪಾಲಿನವರೆಗೂ ಊಟ ಸಲ್ಲುತ್ತಿತ್ತು ಎನ್ನುವುದು ಪುಸ್ತಕಗಳಲ್ಲಿ ಮೊದಲೇ ಇತ್ತು, ನಾನೇ ಅಡಿಟಿಪ್ಪಣಿಗೆ ತಳ್ಳಿದ್ದೆ. ಬಿಯಾರ್ಕಸ್ ಎಂಬ ಒಂದು ಹುದ್ದೆ ಇತ್ತು, ಹೆಸರಿನ ಮೂಲ ಊಟದ ಉಸ್ತುವಾರಿ ಎಂದು ಓದಿ ಹೇಳಿದಾಗ ನಮ್ಮವರ ಮುಖ ಅರಳಿತು. ಆಮೇಲೆ ಒಂದು ವಾರ ಫೋನ್ ಎತ್ತಿದರೆ ಬಿಯಾರ್ಕಸ್ ಮಾತಾಡುವುದು ಎನ್ನುತ್ತಿದ್ದರು. ಗೈಡ್ ಸರ್ ಮಾತ್ರ ಸಿಡಿದರು. ಸಂಖ್ಯೆಯನ್ನೇ ತೆಗೆದುಹಾಕಿದ ಮೇಲೆ ಪ್ರಬಂಧದಲ್ಲಿ ಉಳಿದದ್ದೇನು, ವೈವಾದಲ್ಲಿ ಮುಳುಗುತ್ತೀ ಎಂದರು. ಆದರೂ ಸಹಿ ಹಾಕಿದರು.

ವೈವಾ ಲ್ಯಾಪ್‌ಟಾಪಿನಲ್ಲೇ ನಡೆಯಿತು, ಒಂದು ಬೆಳಿಗ್ಗೆ. ನಮ್ಮವರು ರಜೆ ಹಾಕಿ, ಕುಕ್ಕರ್ ಕೂಗಬಾರದೆಂದು ಗ್ಯಾಸ್ ಆರಿಸಿ, ಅಡುಗೆಮನೆಯಲ್ಲಿ ನಿಂತಿದ್ದರು. ಹೊರಗಿನಿಂದ ಬಂದ ಪರೀಕ್ಷಕರು ವಯಸ್ಸಾದವರು. ಒಂದು ಗಂಟೆ ಏನೇನೋ ಕೇಳಿ, ಕೊನೆಗೆ ನಾನು ಹೆದರುತ್ತಿದ್ದ ಪ್ರಶ್ನೆಗೇ ಬಂದರು. ಎಲ್ಲ ಸರಿ, ಕಡೆಗೆ ಒಂದು ದಳದಲ್ಲಿ ಎಷ್ಟು ಮಂದಿ?

"ಗೊತ್ತಿಲ್ಲ ಸರ್," ಎಂದೆ. "ಎಷ್ಟು ಊಟ ಹೋಯಿತು ಅಂತ ಹೇಳಬಲ್ಲೆ. ಉಂಡವರು ಎಷ್ಟು ಮಂದಿ ಅಂತ ಹೇಳಲಾರೆ."

ಗೈಡ್ ಸರ್ ಕಣ್ಣು ಮುಚ್ಚಿಕೊಂಡದ್ದು ಪರದೆಯಲ್ಲಿ ಕಾಣಿಸಿತು. ಪರೀಕ್ಷಕರು ಏನೋ ಬರೆದುಕೊಂಡು, ಸ್ವಲ್ಪ ಹೊತ್ತು ಹೊರಗಿರಿ ಎಂದರು. ಮತ್ತೆ ಒಳಗೆ ಕರೆದಾಗ ನನ್ನ ಹೆಸರಿನ ಹಿಂದೆ ಡಾಕ್ಟರ್ ಹಚ್ಚಿ ಕರೆದರು.

ಅಡುಗೆಮನೆಗೆ ಓಡಿ ಹೇಳಿದೆ. ಅವರು ನನ್ನನ್ನೇ ನೋಡುತ್ತ, ಆರು ವರ್ಷ ಓದಿ ಗೊತ್ತಿಲ್ಲ ಅಂದೆಯಾ ಎಂದು ಕೇಳಿದರು. ಹೂಂ ಎಂದೆ.

"ಹನ್ನೆರಡು ವರ್ಷದಿಂದ ನಾನೂ ಆಫೀಸಿಗೆ ಅದನ್ನ ಹೇಳಾಕತ್ತೀನಿ. ನನಗ ಯಾರೂ ಡಾಕ್ಟರ್ ಅನ್ನಲಿಲ್ಲ, ಮೆಮೊ ಕೊಟ್ರು."

ಯಾವ ಮೆಮೊ ಎಂದೆ. ಹೋದ ವಾರ ಬಂದಿತ್ತಂತೆ. ಆಫೀಸಿನವರು ಪಟ್ಟಿಯನ್ನು ಪರಿಶೀಲಿಸಿ ಊರಿಗೆ ಹೋದವರ ಹೆಸರನ್ನೆಲ್ಲ ಹೊಡೆದುಹಾಕಿದ್ದರಂತೆ. ನಿನಗೆ ವೈವಾ ಇತ್ತು, ಅದಕ್ಕೆ ಹೇಳಲಿಲ್ಲ ಎಂದರು. ಆ ಏಳು ಮಂದಿ ಏನಾದರು ಎಂದು ಕೇಳಿದೆ. ಇಬ್ಬರಿಗೆ ಕೆಲಸ ಸಿಕ್ಕಿತ್ತು, ಈಗ ಉಳಿದವರು ಐದು. ಅವರಿಗೆ ಬೆಳಿಗ್ಗೆ ಖುಬ್ಬೂಸ್ ರೊಟ್ಟಿ ಕೊಟ್ಟು ಬಂದದ್ದಾಗಿತ್ತು, ಮಧ್ಯಾಹ್ನಕ್ಕೆ ಏನೂ ಇರಲಿಲ್ಲ.

ಗ್ಯಾಸ್ ಹಚ್ಚಿರಿ ಎಂದೆ. ದೊಡ್ಡ ಪಾತ್ರೆ ಇಳಿಸಿ, ಐದು ಮಂದಿಗೆಂದು ಎಂಟು ಮಂದಿಗಾಗುವಷ್ಟು ಅಕ್ಕಿ ತೊಳೆದು ಇಟ್ಟೆ.