ಹಗೇವಿನ ಮನೆಗೆ ಬಂದ ನೆಲದಡಿಯ ರೈಲು

ನೆಲದಡಿಯ ರೈಲಿನ ಚಿತ್ರ ಪತ್ರಿಕೆಯಲ್ಲಿ ಬಂದಾಗಲೆಲ್ಲ ಅದರ ಪ್ರಯಾಣಿಕರ ಮುಖಗಳನ್ನು ದಿಟ್ಟಿಸುವುದು ನನ್ನ ನಿರುಪಯುಕ್ತ ಹವ್ಯಾಸಗಳಲ್ಲೊಂದು. ಪಾತಾಳಕ್ಕಿಳಿದ ಗಾಬರಿ ಒಬ್ಬರಲ್ಲೂ ಕಾಣದು. ಎಲ್ಲರೂ ಕ್ಷೌರಕ್ಕೆ ಸರದಿ ಕಾಯುವವರಂತೆ ನಿರ್ವಿಕಾರರು. ಲಂಡನ್ನಿನಲ್ಲಿ ಇಂಥ ರೈಲು ಮೊದಲು ಓಡಿದ್ದು ೧೮೬೩ರಲ್ಲಿ, ಹೊಗೆಯುಗುಳುವ ಉಗಿಬಂಡಿಯಾಗಿ. ವಿದ್ಯುತ್ತಿನ ರೈಲು ಆಳದ ಸುರಂಗಕ್ಕಿಳಿದದ್ದು ೧೮೯೦ರಲ್ಲಿ. ಎರಡನ್ನೂ ತಾಳೆ ನೋಡಿದ್ದೇನೆ. ಆದರೆ ಚನ್ನಗಿರಿ ಸೀಮೆಯ ಕತ್ತಲಗೆರೆಗೆ, ನಮ್ಮ ಮನೆಯ ಪಡಸಾಲೆಗೆ, ಅದು ಬಂದದ್ದು ಎಂದು? ಅಕ್ಕನ ಲಗ್ನಪತ್ರಿಕೆಯ ವ್ಯಯ ಸಂವತ್ಸರದ ಮಾಘವನ್ನು ಪಂಚಾಂಗಕ್ಕೆ ಹಿಡಿದರೆ ೧೯೪೭ರ ಆರಂಭ. ವರ ಹೆಣ್ಣು ನೋಡಲು ಬಂದದ್ದು ಅದಕ್ಕೂ ಕೆಲವು ವಾರ ಮುಂಚೆ. ವಾರ ಯಾವುದೆಂಬುದರಲ್ಲಿ ನನಗೂ ಅಕ್ಕನಿಗೂ ಇಂದಿಗೂ ಒಮ್ಮತವಿಲ್ಲ. ದಾಖಲೆಯಿಲ್ಲದ ಕಡೆ ಅಕ್ಕನೇ ದಾಖಲೆ.

ವರ ಜಗಳೂರಿನ ತಿಪ್ಪೇಸ್ವಾಮಿ, ದಂಡಿನಿಂದ ಮರಳಿದವರು. ೧೯೪೬ರ ವಿಜಯೋತ್ಸವದ ಮೆರವಣಿಗೆಗೆ ಲಂಡನ್ನಿಗೆ ಹೋದ ನಮ್ಮ ದೇಶದ ತುಕಡಿಯಲ್ಲಿದ್ದರು. ಅಕ್ಕನಿಗೆ ಅವರು ಒಪ್ಪಿಗೆಯಾದದ್ದು, ಮಂಡಕ್ಕಿಯ ತಟ್ಟೆಯಿಟ್ಟವಳು ಒಳಗೆ ಹೋಗದೆ ಬಾಗಿಲಲ್ಲೇ ನಿಂತದ್ದರಿಂದ ಸಿದ್ಧ. ಆದರೆ ತಂದೆಯಿಲ್ಲದ ನಮಗೆ ದೊಡ್ಡಪ್ಪನ ಮಾತೇ ಅಂತಿಮ, ಮತ್ತು ದೊಡ್ಡಪ್ಪ ಹಗೇವಿನ ವಿಷಯದಲ್ಲಿ ಸುತ್ತಲ ಊರುಗಳಿಗೆಲ್ಲ ಪ್ರಮಾಣಪುರುಷ. ಜೋಳ ತುಂಬಿಡಲು ನೆಲದಲ್ಲಿ ತೋಡಿದ ಆ ಕಣಜದ ಬಾಯಿ ತೆರೆದೊಡನೆ ಯಾರೂ ಇಳಿಯುವಂತಿಲ್ಲ; ಒಳಗಿನ ಕೆಟ್ಟ ಗಾಳಿ ಆಳನ್ನೇ ಕೊಲ್ಲುತ್ತದೆ. ಹಗ್ಗದಲ್ಲಿ ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಮನುಷ್ಯ.

“ಲಂಡನ್ನಿನಾಗೆ ಏನು ನೋಡಿದ್ರಿ?” ಎಂದರು ದೊಡ್ಡಪ್ಪ.

“ನೆಲದೊಳಗೆ ರೈಲು ಓಡ್ತೈತ್ರಿ. ಬಾಂಬು ಬೀಳೋವಾಗ ಜನ ಅಲ್ಲೇ ಸ್ಟೇಷನ್ನಿನಾಗೆ ಮಲಗ್ತಿದ್ರಂತೆ, ಹೆಂಡ್ರು ಮಕ್ಳು ಸಮೇತ.”

“ಮಲಗಿದೋರು ಎದ್ರಾ?”

“ಎದ್ದು ಕೆಲಸಕ್ಕೆ ಹೋಗ್ತಿದ್ರಂತ್ರಿ.”

“ನಮ್ಮ ಹಗೇವಿನಾಗೆ ಒಂದು ಗಳಿಗೆ ಇರಾಕಾಗಲ್ಲ. ನೀವು ಊರಿಗೂರೇ ಮಲಗಿಸಿ ಎಬ್ಬಿಸಿದ್ರಿ. ದೀಪ ಬಿಟ್ಟು ನೋಡಿದ್ರೇನು?”

“ಅಲ್ಲಿ ದೀಪ ಉರೀತಾನೇ ಇರ್ತಾವ್ರಿ.”

ದೊಡ್ಡಪ್ಪ ಎಲೆಯಡಿಕೆಯ ಚೀಲ ಕಟ್ಟಿದರು. “ಬಸ್ಸಿನ ಹೊತ್ತಾತು, ನೋಡ್ರಿ.” ನಮ್ಮ ಸೀಮೆಯಲ್ಲಿ ಸಂಬಂಧ ಬೇಡವೆನ್ನಲು ಇದಕ್ಕಿಂತ ಸೌಮ್ಯವಾದ ವಾಕ್ಯವಿಲ್ಲ.

ಕಾಣದ ಲೋಕವನ್ನು ಅಳೆಯಲು ಯಾರ ಬಳಿಯಾದರೂ ಇರುವುದು ತಾವು ಇಳಿದು ನೋಡಿದ ಗುಂಡಿಯಷ್ಟೇ ಅಲ್ಲವೇ? ಇಂಟರ್‌ಮೀಡಿಯೆಟ್ ಓದುತ್ತಿದ್ದ ನನ್ನ ಗುಂಡಿ ಪಠ್ಯಪುಸ್ತಕ. ಅದರಲ್ಲಿ ಈ ರೈಲಿರಲಿಲ್ಲವಾಗಿ ನಾನೂ ವಿದ್ವಾಂಸನಂತೆ ಸುಮ್ಮನಿದ್ದೆ.

ವರ ಚಪ್ಪಲಿ ಮೆಟ್ಟುತ್ತ ಹೇಳಿದರು: “ನಂಗೂ ಹಂಗೇ ಅನ್ನಿಸಿತ್ರಿ, ಯಜಮಾನ್ರೆ. ಉಸಿರು ಕಟ್ತೈತೆ ಅಂತ ಹೆದರಿ ಕಣ್ಣು ಮುಚ್ಕಂಡು ಕುಂತೆ. ಇಳಿಯೋ ಸ್ಟೇಷನ್ನು ದಾಟೇ ಹೋತು. ಸುಬೇದಾರ್ರ ಕೈಲಿ ಬೈಸ್ಕಂಡೆ.”

ಬಾಗಿಲ ಕಡೆಯಿಂದ ಅಕ್ಕನ ದನಿ ಬಂತು: “ಬಡಾಯಿ ಕೊಚ್ಚೋರು ತಾವು ಹೆದರಿದ್ದು ಹೇಳ್ತಾರೇನು, ದೊಡ್ಡಪ್ಪ?”

ಹೆಣ್ಣು ನೋಡುವ ದಿನ ಹೆಣ್ಣೇ ಮಾತಾಡಿದ ನಿದರ್ಶನ ನಮ್ಮ ವಂಶದಲ್ಲಿ ಅದಕ್ಕೆ ಮೊದಲು ನನಗೆ ದೊರೆತಿಲ್ಲ. ದೊಡ್ಡಪ್ಪ ಚೀಲವನ್ನು ಮತ್ತೆ ಬಿಚ್ಚಿ, ಬಹಳ ಹೊತ್ತು ಅಡಿಕೆ ಆರಿಸಿದರು.

“ಕುಂದರ್ರಿ,” ಎಂದರು ಕೊನೆಗೆ. “ಆತು. ಆದರೆ ನಮ್ಮ ಹುಡುಗೀನ ಅದ್ರಾಗೆ ಹತ್ತಿಸಬಾರದು.”

ಭಾವ ಕೈಮುಗಿದು ಒಪ್ಪಿದರು. ಜಗಳೂರಿಗೆ ನೆಲದ ಮೇಲೂ ರೈಲಿರಲಿಲ್ಲವಾದ್ದರಿಂದ ಆ ಕರಾರನ್ನು ಪಾಲಿಸುವುದು ಅವರಿಗೆ ಕಷ್ಟವಾಗಲಿಲ್ಲ. ಮುರಿಯಬೇಕೆಂಬ ಆಸೆ ಮಾತ್ರ ಅಕ್ಕನಿಗೆ ಇಂದಿಗೂ ಇದೆ.