ಹಸಿರು ಬಾಗಿಲಿನ ಚೀಟಿ

ಯುರೋಪಿನ ಮೂಲೆಯಲ್ಲಿರುವ ರೂಸೆ ಪಟ್ಟಣದ ನಮ್ಮ ಬೀದಿಯಲ್ಲಿ ಹೊರದೇಶದ ಸಿನಿಮಾ ತಂಡಗಳಿಗೆ ಮನೆ, ಮೆಟ್ಟಿಲು ಹುಡುಕಿಕೊಡುವವಳು ತ್ಸೋಂಕಕ್ಕ. ಈ ಬೀದಿಯನ್ನು ಅವಳು ವಿಯೆನ್ನಾ, ಪ್ಯಾರಿಸ್, ಬರ್ಲಿನ್ ಎಲ್ಲಾ ಆಗಿ ಬದಲಾಯಿಸಿದ್ದಾಳೆ. ರೂಸೆ ಮಾತ್ರ ಯಾವ ಸಿನಿಮಾದಲ್ಲೂ ಇಲ್ಲ.

ಈ ಸಲ ಅಮೆರಿಕದಿಂದ ಬಂದ ನಿರ್ದೇಶಕ ಡ್ವೈಟ್ ನಮ್ಮ ಬೀದಿಯ ಯೋರ್ದಾನ್ ತಾತನ ಮನೆಯ ಹಸಿರು ಬಾಗಿಲನ್ನು ಮೆಚ್ಚಿದ. ಅದರ ಮೇಲೆ, ಯಾರಾದರೂ ತೀರಿಕೊಂಡರೆ ನಮ್ಮೂರಲ್ಲಿ ಬಾಗಿಲಿಗೆ ಹಚ್ಚುವ ಸಾವಿನ ಚೀಟಿಯನ್ನು ತಾತನ ಫೋಟೊ ಸಮೇತ ಅಂಟಿಸಿದ್ದರು. ತಾತ ತೀರಿಕೊಂಡು ಹನ್ನೆರಡು ದಿನವಾಗಿತ್ತು.

“ಇದನ್ನ ಕಿತ್ತುಬಿಡಿ. ಇದು ವಿಯೆನ್ನಾ,” ಎಂದ ಡ್ವೈಟ್.

“ನಲವತ್ತು ದಿನ ಆಗೋವರೆಗೂ ಯಾರೂ ಮುಟ್ಟೋ ಹಾಗಿಲ್ಲ ಸ್ವಾಮಿ,” ಎಂದಳು ತ್ಸೋಂಕಕ್ಕ.

“ಯಾವ ಊರನ್ನ ಯಾವ ಊರು ಬೇಕಾದ್ರೂ ಮಾಡ್ಕೋಬಹುದು ಅಂತಾನೇ ನಾವು ಯುರೋಪಿಗೆ ಬರೋದು. ಆಗಲ್ಲ ಅಂದ್ರೆ ಬೇರೆಯವರನ್ನ ಹುಡುಕ್ತೀನಿ.”

“ಹುಡುಕ್ಕೊಳ್ಳಿ. ಬೀದಿ ಹೆಸರು, ಅಂಗಡಿ ಬೋರ್ಡು ಎಲ್ಲಾ ಬದಲಾಯಿಸಿಕೊಟ್ಟಿದ್ದೀನಿ. ತಾತ ಮಾತ್ರ ವಿಯೆನ್ನಾದಲ್ಲಿ ಸಾಯ್ಲಿಲ್ಲ.”

ಕಿಟಕಿಯಿಂದ ತಾತನ ಹೆಂಡತಿ ಕೂಗಿದಳು: “ತೆಗೆದುಬಿಡೇ, ನಿನ್ನ ಕೆಲಸ ಹೋಗುತ್ತೆ! ಬದುಕಿದ್ದಾಗ್ಲೂ ಆ ಮನುಷ್ಯ ಎಲ್ಲರ ದಾರಿಗೆ ಅಡ್ಡಾನೇ ನಿಲ್ತಿದ್ದ.”

“ನೀವು ಸುಮ್ನಿರಿ ಅಜ್ಜಿ,” ಎಂದು ತ್ಸೋಂಕಕ್ಕ ಬಾಗಿಲಿಗೆ ಬೆನ್ನು ಕೊಟ್ಟು ಮೆಟ್ಟಿಲ ಮೇಲೆ ಕೂತಳು.

ಬಿಸಿಲು ಇಳಿಯತೊಡಗಿದಾಗ ಡ್ವೈಟ್ ಕ್ಯಾಮೆರಾವನ್ನು ಎದುರು ಮನೆಯ ಬಾಗಿಲಿಗೆ ತಿರುಗಿಸಿದ. ತ್ಸೋಂಕಕ್ಕ ಎದ್ದು, ಚೀಟಿಯ ಬಿಟ್ಟುಕೊಂಡಿದ್ದ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ ಅಂಟಿಸಿ, ಆ ಮನೆಯವರ ಒಪ್ಪಿಗೆ ಕೇಳಲು ಬೀದಿ ದಾಟಿದಳು.