ದೊಡ್ಡಮ್ಮ ಸಾಕಿದ ಕೊಳಚೆ

ಕೆಲಸ ಏನು ಎಂದು ಯಾರಾದರೂ ಕೇಳಿದರೆ ನನ್ನ ದೊಡ್ಡಮ್ಮ "ಸಾಕಣೆ" ಎನ್ನುತ್ತಾಳೆ. ಕೋಳಿಯಾ, ಮೇಕೆಯಾ ಎಂದು ಮುಂದುವರಿದವರನ್ನು ಹಾಸ್ಟೆಲಿನ ಹಿಂದಿರುವ ತೊಟ್ಟಿಗೆ ಕರೆದೊಯ್ಯುತ್ತಾಳೆ. ಅಲ್ಲಿ ಬಚ್ಚಲಿನ, ಅಡುಗೆಮನೆಯ ಕೊಳಚೆನೀರು ತಳದ ಕೊಳವೆಗಳ ಗಾಳಿಗೆ ಕುದಿಯುವಂತೆ ಉಕ್ಕುತ್ತಿರುತ್ತದೆ. ಅದರೊಳಗೆ ಒಂದೇ ಕೋಶದ ಜೀವಿಗಳು. ಕೊಳೆಯನ್ನು ತಿಂದು, ಗಾಳಿಯ ಜೊತೆ ಅದನ್ನು ಒಳಗೇ ಉರಿಸಿ, ಆ ಕಸುವಿನಲ್ಲಿ ಬದುಕುತ್ತವೆ. ಉಳಿದ ತಿಳಿನೀರು ಹೊಳೆಗೆ.

ರಜೆಗೆ ಹಾಸ್ಟೆಲ್ ಖಾಲಿಯಾಯಿತು. ಕೊಳೆ ಬರುವುದು ನಿಂತಿತು. "ಪಾಪ, ಹೊಟ್ಟೆಗಿಲ್ಲದೆ ಸೊರಗ್ತಾವೆ" ಎಂದು ದೊಡ್ಡಮ್ಮ ಸಕ್ಕರೆನೀರು ಸುರಿದಳು. ಅಳತೆ ಮುಗಿದ ಮೇಲೆ ಇನ್ನೊಂದು ಬಕೆಟ್ಟು. ಮನೆಯಲ್ಲೂ ಹಾಗೆಯೇ, ಸಾಕೆಂದು ಕೈ ಅಡ್ಡ ಹಿಡಿದರೆ ಬೆರಳ ಸಂದಿಯಿಂದ ಬಡಿಸುವವಳು.

ಬೆಳಗ್ಗೆ ತೊಟ್ಟಿ ಗಬ್ಬು ನಾರುತ್ತಿತ್ತು. ಸಕ್ಕರೆಗೆ ಮುಗಿಬಿದ್ದ ಜೀವಿಗಳು ನೀರಿನ ಗಾಳಿಯನ್ನೆಲ್ಲ ಬರಿದು ಮಾಡಿದ್ದವು.

ಹಾಸ್ಟೆಲಿನ ಮೇಲ್ವಿಚಾರಕ ಮೂಗು ಹಿಡಿದುಕೊಂಡೇ ಹೇಳಿದ: "ಅಕ್ಕಾ, ಮಕ್ಕಳು ನಾಡಿದ್ದು ವಾಪಸ್ ಬರ್ತಾರೆ. ಇವು ಸತ್ತಿದ್ರೆ ಕೊಳೆಯೆಲ್ಲ ಹಾಗೇ ಹೊಳೆಗೆ ಹೋಗುತ್ತೆ. ತೊಟ್ಟಿ ಬರಿದು ಮಾಡಿಸಿಬಿಡ್ತೀನಿ, ಬೇರೆ ಕಡೆಯಿಂದ ಹೊಸ ಜೀವಿಗಳನ್ನ ತರೋಣ."

"ನಾಳೆ ಸಂಜೆವರೆಗೆ ಬಿಡು ತಮ್ಮಾ. ಅಜೀರ್ಣ ಆಗಿದೆ ಅಷ್ಟೆ."

"ಡಾಕ್ಟರ್ ಹಂಗೆ ಮಾತಾಡ್ಬೇಡಿ."

"ನೀನು ಹೆಣ ಹೊರೋನ ಹಂಗೆ ಮಾತಾಡ್ಬೇಡ."

ಅವನು ನಕ್ಕ. ಗಡುವು ಸಿಕ್ಕಿತು.

ದೊಡ್ಡಮ್ಮ ಕೊಳವೆಗಳ ಗಾಳಿಯನ್ನು ಪೂರ್ತಿ ಜೋರು ಮಾಡಿದಳು. ಸಕ್ಕರೆ ಚೀಲದ ಬಾಯಿ ಬಿಗಿದು ಕಟ್ಟಿದಳು. ಆಮೇಲೆ ತೊಟ್ಟಿಯ ಸುತ್ತ ಕೈಗಳನ್ನು ಬೆನ್ನ ಹಿಂದೆ ಹೆಣೆದುಕೊಂಡು ತಿರುಗಿದಳು. ಬಡಿಸದೆ ಇರುವುದು ಅವಳಿಗೆ ಗೊತ್ತಿಲ್ಲದ ಕೆಲಸ.

ನಾನು ಕಾಲೇಜಿನಿಂದ ಸೂಕ್ಷ್ಮದರ್ಶಕ ಕೇಳಿ ತಂದಿದ್ದೆ. ಆವತ್ತು ನೋಡಿದ ಹನಿಯಲ್ಲಿ, ಎಳೆಯಂಥ ಕಾಂಡದ ಮೇಲೆ ನಿಂತ ಗಂಟೆಯಾಕಾರದ ಜೀವಿಗಳು ಮುಷ್ಟಿಯಂತೆ ಮುದುಡಿದ್ದವು. ಮರುದಿನ ಸಂಜೆ ವಾಸನೆ ಇಳಿದಿತ್ತು. ಮತ್ತೊಂದು ಹನಿ ಇಟ್ಟೆ. ಗಂಟೆಯಂಥ ಒಂದು ಜೀವಿ ಬಾಯಿ ತೆರೆಯಿತು. ಅಂಚಿನ ಸಣ್ಣ ರೋಮಗಳು ಸುಳಿ ಎಬ್ಬಿಸಿ, ಅದಕ್ಕಿಂತ ಚಿಕ್ಕ ಜೀವಿಗಳನ್ನು ಒಳಗೆ ಸೆಳೆದುಕೊಂಡವು. ಅದರ ಪಕ್ಕ ಇನ್ನೊಂದು ತೆರೆಯಿತು.

"ತಿಂತಾ ಇದೆಯಾ?" ದೊಡ್ಡಮ್ಮ ಕೇಳಿದಳು.

"ತಿಂತಾ ಇದೆ."

ಮೇಲ್ವಿಚಾರಕ ಬಗ್ಗಿ ನೋಡಿದ. "ಅರೆ, ಹೂವಿನ ಹಂಗಿದೆ!"

"ಹೊಟ್ಟೆ ಕಣೋ ಅದು, ಬರೀ ಹೊಟ್ಟೆ."

ಮಕ್ಕಳು ಬಂದ ದಿನ ಕೊಳವೆಯಲ್ಲಿ ಕೊಳೆ ಗುಡುಗುಡು ಎನ್ನುತ್ತ ಬಂತು. ದೊಡ್ಡಮ್ಮ ಗಾಲಿಯಂಥ ಹಿಡಿ ತಿರುಗಿಸಿ ಕೊಳವೆಯ ಕವಾಟವನ್ನು ಅರ್ಧ ಮುಚ್ಚಿ ನಿಲ್ಲಿಸಿದಳು.

"ಉಳಿದದ್ದು ಪಕ್ಕದ ಗುಂಡಿಯಲ್ಲಿ ಕಾಯಲಿ" ಎಂದಳು. "ಇವು ಕೇಳಿದಾಗ ಬಡಿಸ್ತೀನಿ."